ತಗಡಿನ ಕೊಳವೆ

ನಮ್ಮ ಕಾಲೇಜಿನಲ್ಲಿ ಹೊಗೆ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಕೈಯೆತ್ತಿ ತೀರ್ಮಾನಿಸಿದರು. ಹೊರಗಿನವರಿಗೆ ಇದನ್ನು ಹೇಳಿದರೆ ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ತಮಾಷೆಯಾಗಿದ್ದರೆ ನಾನೂ ನಗುತ್ತಿದ್ದೆ. ಅಂದು ಎಲ್ಲರಿಗಿಂತ ಮೊದಲು ಮೇಲೆದ್ದ ಕೈ ನನ್ನ ಗಂಡನದು.

ನಾನು ಅಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ, ಚಿತ್ರಕಲೆಗೆ ಹೆಸರಾದ ಹಳೆಯ ಕಾಲೇಜು ನಮ್ಮದು. ವಿಜ್ಞಾನವೂ ಇತ್ತು, ದೊಡ್ಡ ಮನೆಯಲ್ಲಿ ದೂರದ ನೆಂಟರು ಇರುತ್ತಾರಲ್ಲ, ಹಾಗೆ. ಕೊಟ್ಟ ಮೂಲೆಯಲ್ಲಿ ಕೂರಬೇಕು, ಕೊಟ್ಟಷ್ಟು ಉಣ್ಣಬೇಕು, ಮನೆಯವರ ಮಾತಿನ ಮಧ್ಯೆ ಬಾಯಿ ಹಾಕಬಾರದು. ಆಸಿಡ್ ಎಂದರೇನೆಂದು ಎಷ್ಟೋ ವರ್ಷ ಸೀಮೆಸುಣ್ಣದಲ್ಲೇ ಹೇಳಿಕೊಟ್ಟಿದ್ದೇನೆ. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ, ‘ಇಲ್ಲಿಂದ ಕಂದು ಹೊಗೆ ಬರುತ್ತದೆ, ಊಹಿಸಿಕೊಳ್ಳಿ’ ಅಂದರೆ ಮಕ್ಕಳು ಊಹಿಸಿಕೊಳ್ಳುತ್ತಿದ್ದರು. ಪಾಪ, ಒಳ್ಳೆಯ ಮಕ್ಕಳು.

ಹೀಗಿರುವಾಗ ಕಾಲೇಜಿಗೆ ಜ್ಞಾನೋದಯವಾಯಿತು. ಸಾಹಿತ್ಯ ಓದಲು ಬರುವವರು ಕಡಿಮೆಯಾಗಿದ್ದರು. ಇಂಜಿನಿಯರಿಂಗ್ ಶುರು ಮಾಡೋಣ, ವಿಜ್ಞಾನವನ್ನು ಬೆಳೆಸೋಣ, ಕವಿತೆ ಓದುವವನು ಯಂತ್ರವನ್ನೂ ಬಿಚ್ಚಲಿ ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ದಿನ ಮನೆಗೆ ಬರುವಾಗ ದಾರಿಯುದ್ದಕ್ಕೂ ಒಬ್ಬಳೇ ಮಾತಾಡಿಕೊಂಡು ಬಂದೆ. ನಾದಿನಿಯ ಮಗಳು ಪುಟ್ಟಿ ಮೊದಲ ತಂಡದಲ್ಲೇ ಸೇರಿದಳು. ನಮ್ಮ ಮನೆಯಲ್ಲೇ ಇದ್ದು ಓದುವುದೆಂದಾಯಿತು. ಚಿಕ್ಕವಳಿದ್ದಾಗ ನನ್ನ ಮಿಕ್ಸಿಯನ್ನು ಬಿಚ್ಚಿ ಮತ್ತೆ ಜೋಡಿಸಲಾಗದೆ ಅತ್ತವಳು ಅವಳು. ಅವಳ ಸೋದರಮಾವನಿಗೆ, ಅಂದರೆ ನನ್ನ ಗಂಡನಿಗೆ, ಅವಳೆಂದರೆ ಪ್ರಾಣ.

ನನ್ನ ಗಂಡ ಅಲ್ಲೇ ಇತಿಹಾಸದ ಮೇಷ್ಟ್ರು. ವಿದ್ಯಾರ್ಥಿಗಳು ಅವರಿಗೆ ‘ಮೈಕು’ ಎಂದು ಹೆಸರಿಟ್ಟಿದ್ದಾರೆ, ಏಕೆಂದರೆ ಅವರು ಮಾತಾಡುವಾಗ ಮೈಕು ಬೇಕಾಗುವುದಿಲ್ಲ. ಭಾಷಣ ಬರೆಯುವಾಗ ಮಾತ್ರ ನಾನು ಬೇಕು. ಮುಂದಿನ ಕೋಣೆಯಲ್ಲಿ ಶತಪಥ ತಿರುಗುತ್ತಾ, “ಇದಕ್ಕೊಂದು ಪದ ಹೇಳೇ” ಎಂದು ಕೂಗುತ್ತಾರೆ. ನಾನು ಅಡುಗೆಮನೆಯಿಂದಲೇ ಹೇಳುತ್ತೇನೆ. ಮದುವೆಯಾದಾಗಿನಿಂದ ಇದೇ ರೂಢಿ. ಸಭೆಯಲ್ಲಿ ಚಪ್ಪಾಳೆ ಬಿದ್ದ ಎಷ್ಟೋ ಪದಗಳು ಒಗ್ಗರಣೆಯ ಮಧ್ಯೆ ಹುಟ್ಟಿದವು.

ಇನ್ನು ಆ ಸಭೆಯ ವಿಷಯ. ನಮ್ಮಲ್ಲಿ ಪ್ರತಿ ಗುರುವಾರ ಎಲ್ಲ ಮೇಷ್ಟ್ರುಗಳೂ ಹಳೆಯ ಕಟ್ಟಡದ ಮಹಡಿಯ ಮೇಲಿನ ಹಾಲಿನಲ್ಲಿ ಸೇರುತ್ತಾರೆ. ನಿನ್ನೆ ಬಂದವರಿಗೂ ಒಂದು ಕೈ, ಪ್ರಿನ್ಸಿಪಾಲರಿಗೂ ಒಂದೇ ಕೈ. ಚರ್ಚೆಯಾಗದೆ, ಕೈ ಎತ್ತದೆ, ಕಾಲೇಜಿನಲ್ಲಿ ಒಂದು ಬೆಂಚನ್ನೂ ಆಚೀಚೆ ಸರಿಸುವ ಹಾಗಿಲ್ಲ. ಇದು ನಮ್ಮವರ ಹೆಮ್ಮೆ. ಪ್ರಿನ್ಸಿಪಾಲರು ಬಹಳ ಸಾಧು. ಯಾರು ಏನು ಹೇಳಿದರೂ “ಆಗಲಿ, ನೋಡೋಣ” ಅನ್ನುತ್ತಾರೆ, ಆಮೇಲೆ ಆಗುವುದೂ ಇಲ್ಲ, ನೋಡುವುದೂ ಇಲ್ಲ. ಹೊಸ ವಿಭಾಗಕ್ಕೆ ಏನು ಹೆಸರಿಡಬೇಕು ಎಂಬುದರ ಮೇಲೆ ಆ ಹಾಲಿನಲ್ಲಿ ಒಂದಿಡೀ ಬೇಸಿಗೆ ಚರ್ಚೆ ನಡೆಯಿತು. ಬೋರ್ಡಿನ ಅಕ್ಷರಗಳು ದುಂಡಗಿರಬೇಕೋ ಚೂಪಾಗಿರಬೇಕೋ ಎಂಬುದರ ಮೇಲೆ ಇಬ್ಬರು ಮಾತು ಬಿಟ್ಟರು. ನಾನು ಸುಮ್ಮನೆ ಕೇಳಿಸಿಕೊಂಡೆ. ಲ್ಯಾಬ್ ಬರುತ್ತದಲ್ಲ, ಅಕ್ಷರ ಹೇಗಾದರೂ ಇರಲಿ ಅಂದುಕೊಂಡೆ.

ಲ್ಯಾಬಿಗೆ ಅದೇ ಹಾಲಿನ ಕೆಳಗಿನ ದೊಡ್ಡ ಕೋಣೆಯನ್ನು ಕೊಟ್ಟರು. ಅಂಗಳದ ಕಡೆಯ ಗೋಡೆಯನ್ನು ಒಡೆದು, ನೆಲದಿಂದ ಚಾವಣಿಯವರೆಗೆ ಗಾಜು ಹಾಕಿಸಿದರು, ಬಂದವರಿಗೆಲ್ಲ ಒಳಗೆ ವಿಜ್ಞಾನ ನಡೆಯುವುದು ಕಾಣಲಿ ಎಂದು. ತೆರೆಯಲು ಒಂದು ಕಿಟಕಿಯೂ ಇಲ್ಲದ ಗಾಜು. ಒಳಗೆ ಸಾಲಾಗಿ ಕಟ್ಟೆ, ನಲ್ಲಿ, ಗ್ಯಾಸು. ಅಂಗಳದ ಬದಿಯ ಮೂಲೆಯಲ್ಲಿ ಒಂದು ಫ್ಯೂಮ್ ಹುಡ್. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಅದು ಮುಂದೆ ಗಾಜಿನ ಬಾಗಿಲಿರುವ ದೊಡ್ಡ ಬೀರುವಿನ ಹಾಗಿರುತ್ತದೆ. ವಿಷದ ಹೊಗೆ ಬರುವ ಕೆಲಸವನ್ನೆಲ್ಲ ಅದರೊಳಗೆ ಮಾಡಬೇಕು. ಮೇಲಿನ ಫ್ಯಾನು ಹೊಗೆಯನ್ನು ಎಳೆದು, ಕೊಳವೆಯ ಮೂಲಕ ಸೂರಿನ ಮೇಲೆ, ಬಯಲಿಗೆ ಬಿಡಬೇಕು. ಕೊಳವೆ ಇಲ್ಲದ ಹುಡ್ ಬರೀ ಬೀರು.

ನಕ್ಷೆಯಲ್ಲಿ ಕೊಳವೆ ಇತ್ತು. ಲ್ಯಾಬಿನಿಂದ ಹೊರಬಂದು, ಅಂಗಳದ ಕಡೆಯ ಗೋಡೆಗುಂಟ ಮೇಲೇರಿ, ಸೂರನ್ನು ದಾಟುತ್ತಿತ್ತು. ಅದು ಸಭೆಯ ಮುಂದೆ ಬರುವ ದಿನ ಬೆಳಿಗ್ಗೆ ತಿಂಡಿ ತಿನ್ನುತ್ತಾ ನನ್ನ ಗಂಡ, “ಆ ಕೊಳವೆ ಯಾತರದ್ದು?” ಎಂದು ಕೇಳಿದರು. ಇವರಿಗೂ ನನ್ನ ಕೆಲಸದಲ್ಲಿ ಆಸಕ್ತಿ ಬಂತಲ್ಲ ಎಂದು ಹಿಗ್ಗಿ, “ತಗಡಿನದು” ಅಂದೆ.

ಅಂದು ಸಭೆಯಲ್ಲಿ ಅವರು ಎದ್ದು ನಿಂತು, ಕಿಟಕಿಯ ಕಡೆ ಕೈ ತೋರಿಸಿದರು. “ಈ ಅಂಗಳದಲ್ಲಿ ನಿಂತ್ರೆ ಆಕಾಶ ಕಾಣುತ್ತೆ. ಆ ಮರ ನೆಟ್ಟವರು ಯಾರೂ ಇವತ್ತು ಇಲ್ಲ. ಅವರು ನಮಗೆ ಬಿಟ್ಟು ಹೋಗಿರೋ ಆಕಾಶಕ್ಕೆ ನಾವೊಂದು ತಗಡಿನ ಕೊಳವೆ ಚುಚ್ಚಬೇಕಾ?” ಅಂದರು. ಚಿತ್ರಕಲೆಯ ಮೇಡಂ ಕಣ್ಣೊರೆಸಿಕೊಂಡರು. ನಾನು ಎದ್ದು, “ಕೊಳವೆ ಇಲ್ಲದಿದ್ರೆ ಹೊಗೆ ಮಕ್ಕಳ ಎದೆಗೆ ಹೋಗುತ್ತೆ” ಅಂದೆ. ನನ್ನದು ಬರೀ ಒಂದು ವಾಕ್ಯ, ಅದರಲ್ಲಿ ಆಕಾಶವೂ ಇರಲಿಲ್ಲ, ಮರವೂ ಇರಲಿಲ್ಲ. “ಒಳಗಿಂದಲೇ ಏನಾದ್ರೂ ವ್ಯವಸ್ಥೆ ಆಗಲಿ, ನೋಡೋಣ” ಅಂದರು ಪ್ರಿನ್ಸಿಪಾಲರು. ಕೈಗಳು ಎದ್ದವು. ಕೊಳವೆಯ ಪರ ಮೂರೇ ಕೈ: ನಾನು, ಇಂಜಿನಿಯರಿಂಗ್ ಕಲಿಸಲು ಹೊಸದಾಗಿ ಬಂದಿದ್ದ ಹುಡುಗಿ, ಮತ್ತೆ ತೂಕಡಿಸುತ್ತಿದ್ದವರು ಎಚ್ಚರವಾಗಿ ತಪ್ಪು ಹೊತ್ತಿಗೆ ಕೈಯೆತ್ತಿದ ಗಣಿತದ ಮೇಷ್ಟ್ರು.

ಆ ಹುಡುಗಿಯನ್ನು ಎಲ್ಲರೂ ‘ಸ್ಪ್ಯಾನರ್’ ಅನ್ನುತ್ತಾರೆ. ಅವಳ ಕೈಚೀಲದಲ್ಲಿ ಬಾಚಣಿಗೆಯ ಪಕ್ಕ ಅದೂ ಇರುತ್ತದೆ. ಲ್ಯಾಬಿನ ಕೆಲಸ ಮುಗಿದ ದಿನ ನಾವಿಬ್ಬರೂ ಹುಡ್ಡಿನ ಸ್ವಿಚ್ ಹಾಕಿದೆವು. ದೀಪ ಹತ್ತಿತು. ಫ್ಯಾನು ಗುಂಯ್ ಎಂದಿತು. ಅವಳು ಬೆಂಕಿಕಡ್ಡಿ ಗೀರಿ ಆರಿಸಿ ಒಳಗೆ ಹಿಡಿದಳು, ಹೊಗೆ ಸರ್ರನೆ ಮೇಲೆ ಹೋಯಿತು. “ಹೋಗ್ತಿದೆ. ಎಲ್ಲಿಗೆ?” ಅಂದಳು. ಏಣಿ ತರಿಸಿ, ಹೊಸದಾಗಿ ಹಾಕಿದ್ದ ಒಳಚಾವಣಿಯ ಹಲಗೆಯೊಂದನ್ನು ಮೇಲೆತ್ತಿ ನೋಡಿದೆವು. ಹುಡ್ಡಿನಿಂದ ಎದ್ದ ಕೊಳವೆ ಮೊಳದುದ್ದ ಬಂದು ಅಲ್ಲಿಗೇ ನಿಂತಿತ್ತು. ಹೊರಗೆ ಕಾಣಬಾರದು ಎಂದಿದ್ದರಲ್ಲ, ಕಂಟ್ರಾಕ್ಟರು ಕಾಣದ ಹಾಗೆ ಮಾಡಿ ಮುಗಿಸಿದ್ದ. ಅದರ ಬಾಯಿಯ ಮೇಲೆ ಏನಿದೆ ಗೊತ್ತೇ? ಹಳೆಯ ಮರದ ಹಲಗೆಗಳು, ನಡುನಡುವೆ ಬೆರಳು ತೂರುವಷ್ಟು ಸಂದು. ಗುರುವಾರದ ಸಭೆ ಕೂರುವ ಹಾಲಿನ ನೆಲ.

ನನಗೆ ಮೈಯೆಲ್ಲ ಉರಿದುಹೋಯಿತು. ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋದೆ.

“ಸರ್, ಹೊಗೆ ಅರ್ಧ ಮೇಲಿನ ಹಾಲಿಗೆ ಹೋಗುತ್ತೆ, ಅರ್ಧ ತಿರುಗಿ ಮಕ್ಕಳ ತಲೆ ಮೇಲೇ ಇಳಿಯುತ್ತೆ. ಈ ಲ್ಯಾಬಲ್ಲಿ ನಾನು ಒಂದು ಬಾಟಲಿಯ ಮುಚ್ಚಳವನ್ನೂ ತೆಗೆಯಲ್ಲ.”

“ಅಯ್ಯೋ, ಹಾಗಂದ್ರೆ ಹೇಗೆ ಮೇಡಂ? ಮುಂದಿನ ತಿಂಗಳು ಯೂನಿವರ್ಸಿಟಿಯವರು ತಪಾಸಣೆಗೆ ಬರ್ತಾರೆ. ಲ್ಯಾಬು ನಡೀತಾ ಇರಬೇಕು. ಇಲ್ಲಾಂದ್ರೆ ಕೋರ್ಸಿಗೆ ಒಪ್ಪಿಗೆ ಸಿಗಲ್ಲ, ಮಕ್ಕಳ ವರ್ಷ ಹಾಳಾಗುತ್ತೆ. ಅದು ನಿಮ್ಮ ತಲೆ ಮೇಲೆ ಬರುತ್ತೆ, ನೋಡಿ.”

“ಹಾಗಾದ್ರೆ ಕೊಳವೆ ಹಾಕಿಸಿ.”

“ಸಭೆ ಬೇಡ ಅಂದಿದೆಯಲ್ಲ. ನಾನೊಬ್ಬ ಹೇಗೆ ಹಾಕಿಸಲಿ? ಇನ್ನೊಂದ್ಸಲ ಸಭೆಗೆ ತನ್ನಿ. ಆಗಲಿ, ನೋಡೋಣ.”

ಅಂದರೆ ಲ್ಯಾಬ್ ತೆರೆದರೆ ಮಕ್ಕಳ ಎದೆ ಹಾಳು, ತೆರೆಯದಿದ್ದರೆ ಮಕ್ಕಳ ವರ್ಷ ಹಾಳು, ಎರಡಕ್ಕೂ ಹೊಣೆ ನಾನು. ಕೈ ಎತ್ತಿದವರೆಲ್ಲ ಆ ಕೈಗಳನ್ನು ಆಗಲೇ ತೊಳೆದುಕೊಂಡಿದ್ದರು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. “ನೀನು ಎಲ್ಲದಕ್ಕೂ ಜಗಳಕ್ಕೆ ನಿಲ್ತೀಯ. ಸ್ವಲ್ಪ ಹೊಗೆ ತಾನೆ? ಅಡುಗೆಮನೆಯಲ್ಲಿ ಇರಲ್ವಾ?” ಅಂದರು. ಮೂವತ್ತು ವರ್ಷ ಆ ಅಡುಗೆಮನೆಯಲ್ಲಿ ಹೊಗೆ ಕುಡಿದವಳು ನಾನು, ಅದಕ್ಕೊಂದು ಫ್ಯಾನು ಹಾಕಿಸಲು ಇವರ ಹಿಂದೆ ಎಷ್ಟು ಸಲ ಬಿದ್ದಿದ್ದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಪುಟ್ಟಿ. ಪಾತ್ರೆ ಒರೆಸುತ್ತಾ ಮೆಲ್ಲಗೆ ಹೇಳಿದಳು: “ಅತ್ತೆ, ನೀವು ಲ್ಯಾಬ್ ತೆರೆಯೋಲ್ಲ ಅಂತೆ? ಕ್ಲಾಸಲ್ಲೆಲ್ಲ ಅದೇ ಮಾತು. ಬಾಗಿಲು ತೆಕ್ಕೊಂಡು ಮಾಡ್ತೀವಿ ಬಿಡಿ. ನಮಗೇನೂ ಆಗಲ್ಲ. ಅಭ್ಯಾಸ ಆಗುತ್ತೆ.”

“ಏನಕ್ಕೆ ಅಭ್ಯಾಸ?”

“ಹೊಗೆಗೆ.”

ಅವಳನ್ನು ಬೈದೆ. ಬೈಯಬಾರದಿತ್ತು, ಅವಳದೇನು ತಪ್ಪು? ಹದಿನೆಂಟು ವರ್ಷದ ಹುಡುಗಿ, ತನಗೆ ಸಿಗಬೇಕಾದ್ದನ್ನು ಕೇಳುವ ಬದಲು ಉಸಿರು ಬಿಗಿಹಿಡಿಯಲು ತಯಾರಾಗಿದ್ದಳು. ಅಷ್ಟು ಬೇಗ ಆ ಪಾಠ ಅವಳಿಗೆ ಕಲಿಸಿದವರ ಮೇಲೆ ಬಂದ ಸಿಟ್ಟು ಅವಳ ಮೇಲೆ ಇಳಿಯಿತು.

ಸಭೆಗೆ ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ, ಮಾತಿನಲ್ಲಿ ಅವರನ್ನು ಗೆಲ್ಲುವವರು ಯಾರೂ ಇಲ್ಲ. ಪ್ರಯೋಗ ಮಾಡಿಯೇ ತೋರಿಸೋಣ ಎಂದುಕೊಂಡೆ. ಮುಂದಿನ ಗುರುವಾರ ಸ್ಪ್ಯಾನರ್‌ಗೆ ಹೇಳಿ ಈರುಳ್ಳಿ ತರಿಸಿದೆ. ಈರುಳ್ಳಿಯಿಂದ ಯಾರಿಗೂ ಅಪಾಯವಿಲ್ಲ, ವಾಸನೆಯನ್ನು ಮುಚ್ಚಿಡಲೂ ಆಗುವುದಿಲ್ಲ. ಮೇಲೆ ಸಭೆ ಸೇರಿದ್ದು ಕುರ್ಚಿ ಎಳೆಯುವ ಸದ್ದಿನಿಂದ ಗೊತ್ತಾಯಿತು. ಹಲಗೆಯ ಸಂದಿನಿಂದ ದೂಳು ಉದುರಿತು. ಹುಡ್ಡಿನೊಳಗೆ ಬರ್ನರ್ ಮೇಲೆ ಬಾಣಲೆ ಇಟ್ಟು, ಎಣ್ಣೆ ಬಿಟ್ಟು, ಈರುಳ್ಳಿ ಹಾಕಿ, ಕಂದು ಬಣ್ಣಕ್ಕೆ ಬರುವವರೆಗೆ ಹುರಿದೆ. ಫ್ಯಾನು ಪೂರ್ತಿ ಜೋರಾಗಿ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಮ್ಮ ಕಣ್ಣಲ್ಲೇ ನೀರು ಬಂತು, ಚಾವಣಿಯ ಹಲಗೆಗಳ ನಡುವಿನಿಂದ ವಾಸನೆ ನಮ್ಮ ಮೇಲೇ ಇಳಿಯುತ್ತಿತ್ತು. ಅವಳನ್ನು ಕೆಳಗೆ ಬಿಟ್ಟು ನಾನು ಮೆಟ್ಟಿಲು ಹತ್ತಿ ಓಡಿದೆ.

ಹಾಲಿನ ತುಂಬ ಈರುಳ್ಳಿಯ ಘಮ. ನಾನು ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ, “ವಾಸನೆ ಬಂತಾ?” ಅಂದೆ.

“ಬರದೆ ಏನು! ಆಗಲಿಂದ ಬಾಯಲ್ಲಿ ನೀರು ಬರ್ತಿದೆ” ಅಂದರು ಗಣಿತದ ಮೇಷ್ಟ್ರು. ಇಂಥ ವಿಷಯಕ್ಕೆ ಅವರು ಪೂರ್ತಿ ಎಚ್ಚರವಾಗಿದ್ದರು. ಎಲ್ಲರೂ ನಕ್ಕರು. ಇದು ಕೆಳಗಿನ ಹುಡ್ಡಿನಿಂದ ಬಂದದ್ದು, ನಾಳೆ ಇದೇ ದಾರಿಯಲ್ಲಿ ವಿಷ ಬರುತ್ತದೆ ಎಂದು ವಿವರಿಸಿದೆ. ಯಾರ ಕಿವಿಗೂ ಬೀಳಲಿಲ್ಲ. ನನ್ನ ಗಂಡ ಎದ್ದು, “ನೋಡಿ, ವಿಜ್ಞಾನಕ್ಕೂ ನಮಗೂ ಮಧ್ಯೆ ಗೋಡೆ ಇದೆ ಅಂತಿದ್ರು. ಇವತ್ತು ಅದು ನಮ್ಮ ಮನೆಯ ವಾಸನೆಯಾಗಿ ಮೇಲೆ ಬಂದಿದೆ” ಅಂದರು. ಚಪ್ಪಾಳೆ ಬಿತ್ತು! ಪ್ರಿನ್ಸಿಪಾಲರು ಹಸಿವಾಯಿತೆಂದು ಸಭೆಯನ್ನು ಬೇಗ ಮುಗಿಸಿದರು. ಇಳಿದು ಬರುವಾಗ ಚಿತ್ರಕಲೆಯ ಮೇಡಂ ನನ್ನ ಹೆಗಲು ತಟ್ಟಿ, “ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ರಿ” ಅಂದರು.

ನಾನು ಲ್ಯಾಬಿಗೆ ಹೋಗಿ, ಆ ಈರುಳ್ಳಿಯನ್ನು ಕಸದ ಬುಟ್ಟಿಗೆ ಸುರಿದು, ಬಾಣಲೆಯನ್ನು ತಿಕ್ಕಿದೆ. ಅದರ ತಳ ಸವೆಯುವಷ್ಟು ತಿಕ್ಕಿದೆ. ನಾನು ಎಲ್ಲಿ ಎಡವಿದೆ ಎಂಬುದು ತಿಕ್ಕುತ್ತಿರುವಾಗ ಹೊಳೆಯಿತು. ಇಷ್ಟು ದಿನ ನಾನು ಮಕ್ಕಳ ಎದೆಯ ಮಾತಾಡುತ್ತಿದ್ದೆ. ಆ ಹಾಲಿನಲ್ಲಿ ಮಕ್ಕಳ ಎದೆಗೆ ಕೈ ಇಲ್ಲ.

ಮರುವಾರದ ಸಭೆಯಲ್ಲಿ ನನಗೊಂದು ಸೂಚನೆ ಮಂಡಿಸುವುದಿದೆ ಅಂದೆ. ಯಾರು ಬೇಕಾದರೂ ಸೂಚನೆ ಮಂಡಿಸಬಹುದು, ಅದೂ ನಮ್ಮವರ ಹೆಮ್ಮೆ.

“ಲ್ಯಾಬ್ ತೆರೀತೀನಿ” ಅಂದೆ. ಪ್ರಿನ್ಸಿಪಾಲರ ಮುಖ ಅರಳಿತು. “ಮುಂದಿನ ಗುರುವಾರ, ಇದೇ ಹೊತ್ತಿಗೆ. ಮಕ್ಕಳು ಹೊರಗೆ ಅಂಗಳದಲ್ಲಿ ನಿಂತು ಗಾಜಿನಾಚೆಯಿಂದ ನೋಡ್ತಾರೆ. ನಾನೊಬ್ಬಳೇ ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಒಳಗಿರ್ತೀನಿ. ಮೊದಲ ಪಾಠ, ತಾಮ್ರದ ತಂತಿಯನ್ನ ನೈಟ್ರಿಕ್ ಆಸಿಡ್‌ಗೆ ಹಾಕೋದು. ಕಂದು ಬಣ್ಣದ ಹೊಗೆ ಬರುತ್ತೆ. ಕುಡಿದ ತಕ್ಷಣ ಏನೂ ಗೊತ್ತಾಗಲ್ಲ, ಸ್ವಲ್ಪ ಕೆಮ್ಮು, ಅಷ್ಟೆ. ಮನೆಗೆ ಹೋದ ಮೇಲೆ ಎದೆಯಲ್ಲಿ ನೀರು ತುಂಬ್ಕೊಳ್ಳುತ್ತೆ. ಆ ಹೊಗೆ ನೇರವಾಗಿ ಈ ಹಲಗೆಗಳ ಕೆಳಗೆ ಬರುತ್ತೆ. ಹೋದ ವಾರ ಈರುಳ್ಳಿ ಬಂತಲ್ಲ, ಅದೇ ದಾರಿ.”

ಯಾರೂ ನಗಲಿಲ್ಲ. ಒಬ್ಬರು ತಮ್ಮ ಕಾಲ ಕೆಳಗಿನ ಸಂದನ್ನು ನೋಡಿದರು. ಇನ್ನೊಬ್ಬರು ಕುರ್ಚಿಯನ್ನು ಮೆಲ್ಲಗೆ ಗೋಡೆಯ ಕಡೆ ಸರಿಸಿದರು.

“ಹೊಗೆ ಹೊರಗೆ ಹೋಗೋದು ಬೇಡ ಅಂತ ತೀರ್ಮಾನಿಸಿದ್ದು ಈ ಸಭೆ. ಆದ್ದರಿಂದ ನನ್ನ ಸೂಚನೆ ಇಷ್ಟೇ. ಆ ದಿನ, ಕೊಳವೆ ಬೇಡ ಅಂತ ಕೈಯೆತ್ತಿದವರೆಲ್ಲ ತಪ್ಪದೆ ಇಲ್ಲಿ ಬಂದು ಕೂರಬೇಕು. ಬರೋವ್ರು ಕೈಯೆತ್ತಿ.”

ಒಂದು ಕೈಯೂ ಏಳಲಿಲ್ಲ. ತತ್ವಶಾಸ್ತ್ರದ ಮೇಷ್ಟ್ರು ಕನ್ನಡಕ ಒರೆಸಿದರು. ನನ್ನ ಗಂಡ ಗಡಿಯಾರ ನೋಡಿಕೊಂಡರು. ನಾನು ಅವರನ್ನೇ ದಿಟ್ಟಿಸಿದೆ. ಅವರು ಆ ಗಡಿಯಾರದಿಂದ ಕಣ್ಣು ಎತ್ತಲಿಲ್ಲ.

ಕಡೆಗೆ ಚಿತ್ರಕಲೆಯ ಮೇಡಂ ಕೇಳಿದರು: “ಬೇರೆ ದಾರಿ ಏನೂ ಇಲ್ವಾ?”

“ಇದೆ. ತಗಡಿನ ಕೊಳವೆ.”

ಚರ್ಚೆ ಬೇಕೇ ಎಂದು ಪ್ರಿನ್ಸಿಪಾಲರು ಕೇಳಿದರು. ಎಲ್ಲರೂ ಬೇಡ ಅಂದರು. ಪ್ರಿನ್ಸಿಪಾಲರು ಆಗಲಿ ಅಂದರು, ನೋಡೋಣ ಅನ್ನಲಿಲ್ಲ. ಕೈಗಳು ಎದ್ದವು, ಎಲ್ಲವೂ. ಬೋರ್ಡಿನ ಅಕ್ಷರಕ್ಕೆ ಮಾತು ಬಿಟ್ಟವರು ಅಕ್ಕಪಕ್ಕ ನಿಂತು ಕೈಯೆತ್ತಿದರು. ಆಕಾಶವಿಲ್ಲ, ಮರವಿಲ್ಲ, ನೆಟ್ಟವರ ನೆನಪಿಲ್ಲ, ಒಂದು ಭಾಷಣವೂ ಇಲ್ಲ. ಈ ಸಲವೂ ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಗಂಡನ ಕೈ.

ಗೆದ್ದೆ. ಸ್ಪ್ಯಾನರ್ ನನ್ನನ್ನು ಮೆಟ್ಟಿಲಲ್ಲೇ ತಬ್ಬಿಕೊಂಡು ಕುಣಿದಳು. ನನಗೆ ಮಾತ್ರ ಸೋತ ದಿನ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ಅಂದು ಅವರಿಗೆ ಗೊತ್ತಾಗಲಿಲ್ಲ ಎಂದು ನಂಬಿಕೊಂಡಿದ್ದೆ. ಗೊತ್ತಾಗಿತ್ತು. ನಾನು ಹೇಳಿದ ಒಂದೇ ವಾಕ್ಯ ಎಲ್ಲರಿಗೂ ಅರ್ಥವಾಗಿತ್ತು. ಆ ಎದೆಗಳು ಅವರವಲ್ಲ, ಅಷ್ಟೇ.

ಸಂಜೆ ಮನೆಯಲ್ಲಿ ಪುಟ್ಟಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂವರಿಗೂ ತಾನೇ ಕಾಫಿ ಮಾಡಿ ತಂದಳು. ನನ್ನ ಗಂಡ ಆಗಲೇ ಮುಂದಿನ ಕೋಣೆಯಲ್ಲಿ ಶತಪಥ ಶುರು ಮಾಡಿದ್ದರು. ಲ್ಯಾಬಿನ ಉದ್ಘಾಟನೆಗೆ ಅವರದೇ ಭಾಷಣ.

“ಮೊದಲೇ ಹೀಗೆ ಬಿಡಿಸಿ ಹೇಳಿದ್ರೆ ಆಗಲೇ ಒಪ್ಕೊಂಡಿರ್ತಿದ್ವಲ್ಲೇ” ಅಂದರು. “ಇರಲಿ. ನೋಡು, ನಮ್ಮ ಸಭೆಯ ದೊಡ್ಡತನ ಇದೇ. ತಪ್ಪು ಗೊತ್ತಾದ ತಕ್ಷಣ ತಿದ್ಕೊಳ್ತೀವಿ.”

ನಾನು ಕಾಫಿಯನ್ನು ಮೇಜಿನ ಮೇಲೆ ಕುಕ್ಕಿದೆ. “ಮಕ್ಕಳು ಸಾಯ್ತಾರೆ ಅಂದಾಗ ಚಪ್ಪಾಳೆ ಹೊಡೆದ್ರಿ. ನಿಮಗೆ ಕೆಮ್ಮು ಬರುತ್ತೆ ಅಂದಾಗ ಕೈಯೆತ್ತಿದ್ರಿ. ಇದು ದೊಡ್ಡತನಾನಾ?”

“ಶುರುವಾಯ್ತಪ್ಪ” ಎಂದು ಅವರು ಪುಟ್ಟಿಯ ಕಡೆ ತಿರುಗಿ, ಅವಳೂ ನಗಲಿ ಎಂದು ಕಣ್ಣು ಮಿಟುಕಿಸಿದರು. ಪುಟ್ಟಿ ನಗಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಏನೋ ಲೆಕ್ಕ ಹಾಕುತ್ತಿದ್ದಳು. ಮಿಕ್ಸಿಯ ಭಾಗಗಳನ್ನು ಹರಡಿಕೊಂಡು ಕೂತಾಗ ಅವಳ ಮುಖ ಹೀಗೇ ಇತ್ತು.

“ಮಾವ,” ಅಂದಳು, “ಮೊದಲನೇ ಸಲ ಅತ್ತೆ ಸಭೆಯಲ್ಲಿ ಹೇಳಿದ್ರಲ್ಲ, ಹೊಗೆ ಮಕ್ಕಳ ಎದೆಗೆ ಹೋಗುತ್ತೆ ಅಂತ. ಆಗಲೇ ನಾನು ಈ ಕೋರ್ಸಿಗೆ ಸೇರಿ ಆಗಿತ್ತು, ಅಲ್ವಾ?”

“ಹೂಂ.”

“ಆ ಕೋಣೆಯಲ್ಲಿ ನಾನೂ ಇರ್ತೀನಿ ಅಂತ ನಿಮಗೆ ಗೊತ್ತಿತ್ತು.”

ಅವರು ಶತಪಥ ನಿಲ್ಲಿಸಿದರು. ಪುಟ್ಟಿ ಕಾಯುತ್ತಿದ್ದಳು. ಅವಳು ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ಉತ್ತರ ಬೇಕಾಗಿತ್ತು.

ನನ್ನ ಗಂಡ ನನ್ನ ಕಡೆ ನೋಡಿದರು. ಪದ ಸಿಗದಾಗಲೆಲ್ಲ ನನ್ನನ್ನೇ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ನಾನು ನನ್ನ ಕಾಫಿ ತೆಗೆದುಕೊಂಡು ಅಡುಗೆಮನೆಗೆ ಹೋದೆ.